ಎಂಬತ್ತರ ಮೇಲೆ ನಡುಗುವ ಸ್ಟಿಯರಿಂಗ್

ವಿಲೆ ಪಾರ್ಲೆ ಪೂರ್ವದ ನಮ್ಮ ಸೊಸೈಟಿಯಿಂದ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಗೆ ಐದು ನಿಮಿಷದ ದಾರಿ. ಸಂಜೆ ಹೊತ್ತು ಆ ಹೈವೇಯಲ್ಲಿ ಸ್ಪೀಡೋಮೀಟರಿನ ಮುಳ್ಳು 30 ಮುಟ್ಟಿದರೆ ಹೆಚ್ಚು. ಸ್ಟೇಷನ್ ಬದಿಯ ರಸ್ತೆಗಳಲ್ಲಿ, ಪಶ್ಚಿಮದ ಇರ್ಲಾ ಮಾರ್ಕೆಟ್ ಕಡೆ, ಎರಡನೇ ಗೇರ್ ದಾಟುವ ಅವಕಾಶವೇ ಸಿಗದು. ವಾರದ ಐದು ದಿನ ನಾವು ಲೋಕಲ್ ಟ್ರೇನಿನಲ್ಲಿ ಓಡಾಡುವವರು. ಕಾರು ಕಾಂಪೌಂಡಿನಲ್ಲಿ ಕವರ್ ಹೊದ್ದು ನಿಂತಿರುತ್ತದೆ. ಹಾಗಾಗಿ ಇಲ್ಲಿನ ಕಾರಿನ ಚಕ್ರಕ್ಕೆ ಏನಾದರೂ ಆದರೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಚೌತಿಗೋ ಏಪ್ರಿಲ್ ರಜೆಗೋ ಊರಿಗೆ ಹೊರಟು, ವಾಶಿ ಸೇತುವೆ ದಾಟಿ, ಕಳಂಬೋಲಿಯಲ್ಲಿ ಪುಣೆ ಎಕ್ಸ್‌ಪ್ರೆಸ್‌ವೇ ಹತ್ತಿ, ವೇಗ 80 ದಾಟಿತೋ, ಸ್ಟಿಯರಿಂಗ್ ನಡುಗತೊಡಗುತ್ತದೆ.

ನನಗೆ ಹೀಗಾದದ್ದು ಒಂದು ಮಳೆಗಾಲ ಮುಗಿದ ಮೇಲೆ. ಗಾಡಿಯಲ್ಲಿ ಅಮ್ಮ, ಹೆಂಡತಿ, ಮಗಳು. ಮುಂದೆ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಕುಂದಾಪುರದವರೆಗಿನ ದಾರಿ. ಖಾಲಾಪುರದ ಟೋಲ್ ಇನ್ನೂ ಬಂದಿರಲಿಲ್ಲ. 85ಕ್ಕೆ ಅಂಗೈಯಲ್ಲಿ ಸಣ್ಣ ಜುಮ್ಮೆನ್ನುವಿಕೆ ಶುರುವಾಯಿತು, 95ಕ್ಕೆ ಸ್ಟಿಯರಿಂಗ್ ಕಣ್ಣಿಗೇ ಕಾಣುವಷ್ಟು ಅಲ್ಲಾಡಿತು, 70ಕ್ಕೆ ಇಳಿಸಿದರೆ ಏನೂ ಇಲ್ಲ. ಆ ಸಲ ಊರಿನವರೆಗೂ 70ರಲ್ಲೇ ಹೋದೆವು. ಮರಳಿದ ಮೇಲೆ ಉಪನಗರದ ಒಂದು ಟೈರ್ ಅಂಗಡಿಯಲ್ಲಿ ಅಲೈನ್‌ಮೆಂಟ್ ಮಾಡಿಸಿದೆ. ನಡುಕ ಹೋಗಲಿಲ್ಲ. ಮತ್ತೊಮ್ಮೆ ಮಾಡಿಸಿದೆ. ಅಲ್ಲಿನ ಮೆಕ್ಯಾನಿಕ್ ಗಲ್ಲಿಯಲ್ಲಿ ಒಂದು ಸುತ್ತು ಹೊಡೆದು ಬಂದು, ಏನೂ ಇಲ್ಲ ಅಂದ. ಅವನು ಸುಳ್ಳು ಹೇಳಲಿಲ್ಲ. 30ರಲ್ಲಿ ಅಲ್ಲಿ ಏನೂ ಇರಲಿಲ್ಲ.

ಕೊನೆಗೆ ಅಂಧೇರಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ಕಾರ್ಕಳ ಕಡೆಯ ಒಬ್ಬರ ಹತ್ತಿರ ಹೋದೆ. ಬಾನೆಟ್ ತೆರೆಯುವ ಮುಂಚೆ ಅವರು ಕೇಳಿದ್ದು ಇಷ್ಟೇ: "ಗಾಡಿ ನಡುಗಿದ್ದು ಎಷ್ಟರಲ್ಲಿ, ನಡುಗುವಾಗ ನಿಮ್ಮ ಬಲಗಾಲು ಎಲ್ಲಿತ್ತು, ಅದನ್ನು ಮೊದಲು ಸರಿಯಾಗಿ ಹೇಳಿ ಮಾರಾಯ್ರೆ. ಮತ್ತೆ ಬಿಚ್ಚುವ." ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಕಲಿತುಕೊಂಡೆ. ಮುಂಬಯಿಯಲ್ಲಿ ಗಾಡಿ ಓಡಿಸುವ ನಮ್ಮವರಿಗೆ ಇದು ತಿಳಿದಿರಲೇಬೇಕು ಎಂದು ನನಗೆ ಬಲವಾಗಿ ಅನ್ನಿಸಿದೆ. ಏಕೆಂದರೆ ಈ ನಗರದಲ್ಲಿ ಮೆಕ್ಯಾನಿಕ್ ನಿಮ್ಮ ಗಾಡಿಯನ್ನು 90ರಲ್ಲಿ ಓಡಿಸಿ ನೋಡಲಾರ. ರೋಗದ ಲಕ್ಷಣವನ್ನು ನೀವೇ ದಾರಿಯಲ್ಲಿ ಗಮನಿಸಿ ತಂದು ಅವನ ಕೈಗೆ ಕೊಡಬೇಕು.

ಮೊದಲು, ವೇಗ ಏರಿದಾಗ ಮಾತ್ರ ಯಾಕೆ ನಡುಗುತ್ತದೆ ಎಂಬುದು. ಸಾಮಾನ್ಯ ಸಣ್ಣ ಕಾರಿನ 185/65 ಆರ್ 15 ಟೈರನ್ನು ತೆಗೆದುಕೊಳ್ಳಿ. ಅದು ಒಂದು ಸುತ್ತು ಉರುಳಿದರೆ ಗಾಡಿ ಸುಮಾರು 1.95 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ 14 ಸಲ ತಿರುಗುತ್ತಿದೆ. ಈಗ ಆ ಚಕ್ರದ ರಿಮ್ಮಿನ ಒಂದು ಕಡೆ 20 ಗ್ರಾಂ ಭಾರ ಹೆಚ್ಚಿದೆ ಎಂದುಕೊಳ್ಳಿ. ಮೂರು ಹತ್ತು ರೂಪಾಯಿ ನಾಣ್ಯಗಳಿಗಿಂತ ತುಸು ಕಡಿಮೆ, ಅಷ್ಟೆ. 100ರ ವೇಗದಲ್ಲಿ ಆ 20 ಗ್ರಾಂ ಚಕ್ರವನ್ನು ಹೊರಗೆಳೆಯುವ ಬಲ ಸುಮಾರು 3 ಕಿಲೋ ತೂಕಕ್ಕೆ ಸಮ. ಸೆಕೆಂಡಿಗೆ 14 ಸಲ ಮೂರು ಕಿಲೋದ ಸುತ್ತಿಗೆ ಒಮ್ಮೆ ಮೇಲೆ, ಒಮ್ಮೆ ಮುಂದೆ, ಒಮ್ಮೆ ಕೆಳಗೆ, ಒಮ್ಮೆ ಹಿಂದೆ ಬಡಿದ ಹಾಗೆ. ವೇಗ ಅರ್ಧಕ್ಕಿಳಿದರೆ ಈ ಬಲ ಕಾಲು ಭಾಗಕ್ಕಿಳಿಯುತ್ತದೆ. 50ರಲ್ಲಿ ಅದು ಮುಕ್ಕಾಲು ಕಿಲೋ ಮಾತ್ರ, ಅದೂ ಸೆಕೆಂಡಿಗೆ 7 ಸಲ. ಕೈಗೆ ತಾಗುವುದೇ ಇಲ್ಲ.

ಆದರೆ ಬಲ ಹೆಚ್ಚುವುದೊಂದೇ ಕಾರಣವಾಗಿದ್ದರೆ ವೇಗ ಏರಿದಷ್ಟೂ ನಡುಕ ಏರುತ್ತ ಹೋಗಬೇಕಿತ್ತು. ಎಷ್ಟೋ ಗಾಡಿಗಳಲ್ಲಿ ಅದು 90ರಿಂದ 100ರ ನಡುವೆ ಜೋರಾಗಿ, ಅದರ ಮೇಲೆ ತಗ್ಗುತ್ತದೆ. ತೊಟ್ಟಿಲು ತೂಗಿದವರಿಗೆ ಇದರ ಗುಟ್ಟು ಗೊತ್ತು. ತೊಟ್ಟಿಲಿಗೆ ತನ್ನದೇ ಒಂದು ಲಯವಿದೆ. ಆ ಲಯಕ್ಕೆ ಸರಿಯಾಗಿ ಬೆರಳ ತುದಿಯಿಂದ ನೂಕಿದರೂ ದೊಡ್ಡದಾಗಿ ತೂಗುತ್ತದೆ, ಲಯ ತಪ್ಪಿ ಎಷ್ಟು ಬಲವಾಗಿ ನೂಕಿದರೂ ತೂಗದು. ಮುಂದಿನ ಚಕ್ರ, ಅದನ್ನು ಹಿಡಿದ ಲೋವರ್ ಆರ್ಮ್, ರಬ್ಬರ್ ಬುಶ್, ಸ್ಟಿಯರಿಂಗ್ ರಾಡು, ಇವೆಲ್ಲ ಸೇರಿದ ಜೋಡಣೆಗೂ ಅಂಥ ಲಯ ಉಂಟು. ಹೆಚ್ಚಿನ ಕಾರುಗಳಲ್ಲಿ ಅದು ಸೆಕೆಂಡಿಗೆ 10ರಿಂದ 15ರ ಆಸುಪಾಸು. ಚಕ್ರದ ಸುತ್ತು ಆ ಲಯಕ್ಕೆ ಹೊಂದುವ ವೇಗವೇ ಸುಮಾರು 70ರಿಂದ 105. ಅದಕ್ಕೇ ಈ ರೋಗ ಹೈವೇಯ ರೋಗ.

ಇನ್ನು ದಾರಿಯಲ್ಲಿ ಮಾಡಬೇಕಾದ ಪರೀಕ್ಷೆ. ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡಿ, ಪಕ್ಕದಲ್ಲಿ ಒಬ್ಬರು ಕಾಗದ ಪೆನ್ನು ಹಿಡಿದು ಕೂತಿರಲಿ. ಪುಣೆ ಎಕ್ಸ್‌ಪ್ರೆಸ್‌ವೇಯ ಬಯಲು ಭಾಗದಲ್ಲಿ ಕಾರಿಗೆ 100ರ ಮಿತಿ ಇದೆ. 2024ರ ಜನವರಿಯಲ್ಲಿ ತೆರೆದ ಶಿವಡಿಯಿಂದ ಚಿರ್ಲೆಯವರೆಗಿನ 21.8 ಕಿ.ಮೀ. ಉದ್ದದ ಅಟಲ್ ಸೇತುವಿನಲ್ಲೂ ಅಷ್ಟೇ. 100 ದಾಟುವ ಅಗತ್ಯ ಈ ಪರೀಕ್ಷೆಗೆ ಇಲ್ಲ. ಹೊರಡುವ ಮುಂಚೆ ನಾಲ್ಕೂ ಟೈರಿಗೆ, ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುವಷ್ಟೇ ಗಾಳಿ ತುಂಬಿಸಿ, ಟೈರು ತಣ್ಣಗಿರುವಾಗ.

60, 70, 80, 90, 100, ಒಂದೊಂದರಲ್ಲೂ ಅರ್ಧ ನಿಮಿಷ ವೇಗ ಕದಲದಂತೆ ಹಿಡಿಯಿರಿ. ಎಲ್ಲಿ ಶುರು, ಎಲ್ಲಿ ಜೋರು, ಎಲ್ಲಿ ಮಾಯ, ಬರೆಸಿ. ಜೊತೆಗೇ ಗಮನಿಸಿ, ನಡುಕ ಕೈಯಲ್ಲಿದೆಯೋ ಸೊಂಟದಲ್ಲಿದೆಯೋ. ಸ್ಟಿಯರಿಂಗಿನಲ್ಲಿದ್ದರೆ ಮುಂದಿನ ಚಕ್ರಗಳ ಕಡೆ ಬೊಟ್ಟು ಮಾಡಬೇಕು. ಸೀಟು, ನೆಲ, ಹಿಂದಿನ ಬೆಂಚು ನಡುಗಿ ಸ್ಟಿಯರಿಂಗ್ ಸುಮ್ಮನಿದ್ದರೆ ಹಿಂದಿನ ಚಕ್ರಗಳ ಕಡೆ.

ಆಮೇಲೆ ಬಲಗಾಲಿನ ಪ್ರಶ್ನೆ, ನನಗೆ ಉತ್ತರಿಸಲಾಗದ್ದು. ಒಂದೇ ವೇಗದಲ್ಲಿ ಓಡುತ್ತಿರುವಾಗ ನಡುಗಿ, ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಅದೇ ನಡುಕ ಉಳಿದರೆ, ಅದು ಚಕ್ರ, ಟೈರು ಅಥವಾ ರಿಮ್ಮು. ಕಾಲು ಒತ್ತಿದಾಗ ಮಾತ್ರ ಬಂದು, ಎತ್ತಿದ ಕೂಡಲೇ ನಿಂತರೆ, ಇಂಜಿನ್ನಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟು. ಬ್ರೇಕಿನ ಮೇಲೆ ಕಾಲಿಟ್ಟಾಗ ಮಾತ್ರ ಬಂದರೆ ಡಿಸ್ಕು. ಈ ಮೂರನ್ನು ಬೇರೆ ಬೇರೆ ಮಾಡಿ ಹೇಳಿದಿರಾದರೆ ಮೆಕ್ಯಾನಿಕ್ಕಿನ ಅರ್ಧ ಕೆಲಸ ಮುಗಿಯಿತು. ಇಂಜಿನ್ನಿನ ಮೇಲೇ ಅನುಮಾನವಿದ್ದರೆ ಅದೇ 80ರಲ್ಲಿ ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸಿ ನೋಡಿ: ಇಂಜಿನ್ ವೇಗ ಬದಲಾದರೂ ನಡುಕ ಬದಲಾಗದಿದ್ದರೆ ಇಂಜಿನ್ನನ್ನು ಮರೆಯಿರಿ. ನ್ಯೂಟ್ರಲ್‌ಗೆ ಹಾಕಿ ನೋಡಿ ಎಂದು ಕೆಲವರು ಹೇಳುತ್ತಾರೆ. ಘಾಟಿಯಲ್ಲಿ ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಚಲಿಸುವ ಗಾಡಿಯ ಇಂಜಿನ್ ಆರಿಸುವುದಂತೂ ಕೂಡದು. ಸ್ಟಿಯರಿಂಗೂ ಬ್ರೇಕೂ ಕಲ್ಲಾಗುತ್ತವೆ.

ರಸ್ತೆಯದ್ದೇ ತಪ್ಪೋ ಎಂಬುದನ್ನೂ ನೋಡಿ. ಕಾಂಕ್ರೀಟ್ ರಸ್ತೆಯಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು ಅಡ್ಡ ಸಂದು ಇರುತ್ತದೆ. 100ರ ವೇಗದಲ್ಲಿ ಆ ಸಂದುಗಳು ಸೆಕೆಂಡಿಗೆ ಆರು ಸಲ ಟಕ್ ಟಕ್ ಎನ್ನುತ್ತವೆ. ಚಕ್ರದ ತಪ್ಪು ಸೆಕೆಂಡಿಗೆ ಹದಿನಾಲ್ಕು; ಅದು ಎಣಿಸಲಾಗದ ಒಂದೇ ಸಮನೆಯ ಝುಂ. ಡಾಂಬರಿನ ಮೇಲೂ ಅದೇ ಝುಂ ಉಳಿದರೆ ರಸ್ತೆಗೆ ದೋಷ ಹೊರಿಸಬೇಡಿ. ಪಕ್ಕದವರ ಮೊಬೈಲಿನಲ್ಲಿ ಅಲುಗಾಟ ಅಳೆಯುವ ಆ್ಯಪ್ ಹಾಕಿ, ಗೇರಿನ ಹತ್ತಿರ ಜಾರದಂತೆ ಇಟ್ಟರೆ ಇನ್ನೂ ಸ್ಪಷ್ಟವಾಗುತ್ತದೆ. 100ರಲ್ಲಿ ಸೆಕೆಂಡಿಗೆ 14ರ ಹತ್ತಿರ ಏರು ಕಂಡರೆ ಚಕ್ರ. 42ರ ಹತ್ತಿರ, ಅದೂ ಆಕ್ಸಿಲರೇಟರ್ ಒತ್ತಿದಾಗ ಕಂಡರೆ ಮುಂದಿನ ಶಾಫ್ಟಿನ ಒಳ ಜಾಯಿಂಟು, ಏಕೆಂದರೆ ಅದರೊಳಗೆ ಮೂರು ಉರುಳೆಗಳಿರುತ್ತವೆ. ಹಿಂದಿನ ಚಕ್ರದಿಂದ ಓಡುವ ದೊಡ್ಡ ಗಾಡಿಗಳಲ್ಲಿ ನೆಲದಡಿಯ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ತಿರುಗುತ್ತದೆ. ಅದರ ನಡುಕ ಕಿವಿಗೆ ಗುಂಯ್‌ಗುಡುವ ಸದ್ದಾಗಿಯೇ ಹೆಚ್ಚು ತಾಗುತ್ತದೆ.

ಹೆಚ್ಚಿನ ಪಾಲು ತಪ್ಪು ಸಿಗುವುದು ಚಕ್ರದಲ್ಲೇ. ಅದಕ್ಕೇ ಅಲ್ಲಿ ಸ್ವಲ್ಪ ಹೆಚ್ಚು ನಿಲ್ಲುತ್ತೇನೆ.

ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ನಮ್ಮಲ್ಲಿದೆ. ಎರಡಕ್ಕೂ ಸಂಬಂಧವಿಲ್ಲ. ಅಲೈನ್‌ಮೆಂಟ್ ಎಂದರೆ ಚಕ್ರಗಳು ಯಾವ ಕೋನದಲ್ಲಿ ನಿಂತಿವೆ ಎಂಬುದು. ಅದು ಕೆಟ್ಟರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಸ್ಟಿಯರಿಂಗ್ ಸೊಟ್ಟ ನಿಲ್ಲುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಅದು ನೇರವಾಗಿ ನಡುಕ ಹುಟ್ಟಿಸುವುದಿಲ್ಲ. ತುಂಬ ದಿನ ಹಾಗೇ ಓಡಿಸಿ ಟೈರಿನ ಹಲ್ಲುಗಳು ಗರಗಸದಂತೆ ಸವೆದರೆ ಆಗ ಆ ಸವೆತದಿಂದ ಸದ್ದೂ ನಡುಕವೂ ಬರಬಹುದು, ಆದರೆ ಆ ಹೊತ್ತಿಗೆ ಅಲೈನ್‌ಮೆಂಟ್ ಮಾಡಿಸಿದರೂ ಸವೆದ ಟೈರು ಸರಿಯಾಗುವುದಿಲ್ಲ. 90ರಲ್ಲಿ ನಡುಗುವ ಗಾಡಿಗೆ ಮೊದಲು ಬೇಕಾದ್ದು ಬ್ಯಾಲೆನ್ಸಿಂಗ್. ನಾನು ಎರಡು ಸಲ ಹಣ ಕೊಟ್ಟದ್ದು ಬೇರೆ ಕಾಯಿಲೆಯ ಮದ್ದಿಗೆ.

ಬ್ಯಾಲೆನ್ಸಿಂಗ್ ಮಷೀನಿನ ಮುಂದೆ ನಿಂತು ನೋಡಿ, ಸಂಕೋಚ ಬೇಡ. ಚಕ್ರ ಮಷೀನಿಗೇರುವ ಮುಂಚೆ ಅದರ ಒಳಮೈ ತೊಳೆದಿರಬೇಕು. ಕೊಂಕಣದ ದಾರಿ ಹಿಡಿದು 66ನೇ ಹೆದ್ದಾರಿಯಲ್ಲಿ ಮಳೆಗಾಲದಲ್ಲಿ ಊರಿಗೆ ಹೋಗಿಬಂದವರು ಇದನ್ನು ಮರೆಯಬಾರದು. ಮುರಕಲ್ಲಿನ ಕೆಂಪು ಮಣ್ಣು ರಿಮ್ಮಿನ ಒಳಗೆ ಮೆತ್ತಿಕೊಂಡು ಒಣಗಿ ಗಾರೆಯಂತಾಗುತ್ತದೆ; ಹೊರಗಿನಿಂದ ತೊಳೆದ ಗಾಡಿ ಫಳಫಳ ಹೊಳೆಯುತ್ತಿದ್ದರೂ ಒಳಗೆ ಐವತ್ತು ಗ್ರಾಂ ಮಣ್ಣು ಒಂದೇ ಕಡೆ ಕೂತಿರಬಹುದು. ಎಷ್ಟೋ ನಡುಕ ಬರೀ ಒಂದು ಕಡ್ಡಿಯಿಂದ ಕೆರೆದು ಪೈಪಿನಿಂದ ನೀರು ಹೊಡೆದರೆ ಹೋಗುವಂಥದ್ದು.

ತೊಳೆದ ಮೇಲೆ ಹಳೆಯ ತೂಕದ ತುಂಡುಗಳನ್ನೆಲ್ಲ ತೆಗೆಯಬೇಕು. ಹಳೆಯದರ ಮೇಲೆ ಹೊಸದು ಸೇರಿಸುತ್ತ ಹೋದರೆ ಮಷೀನು ಸೊನ್ನೆ ತೋರಿಸುತ್ತದೆ, ಆದರೆ ನಿಜವಾದ ತಪ್ಪು ಅಡಿಯಲ್ಲಿ ಮುಚ್ಚಿಹೋಗುತ್ತದೆ. ಆಮೇಲೆ ಆಪರೇಟರ್ ಮೂರು ಅಳತೆ ಕೊಡಬೇಕು: ಮಷೀನಿನಿಂದ ರಿಮ್ಮಿಗೆ ದೂರ, ರಿಮ್ಮಿನ ಅಗಲ, ರಿಮ್ಮಿನ ವ್ಯಾಸ. ಹಿಂದಿನ ಗಾಡಿಯ ಅಳತೆಯಲ್ಲೇ ನಿಮ್ಮ ಚಕ್ರ ತಿರುಗಿಸಿದರೆ ಬರುವ ಅಂಕಿ ನಿಮ್ಮದಲ್ಲ. ಮಷೀನು ಒಳಬದಿಗೆ ಒಂದು, ಹೊರಬದಿಗೆ ಒಂದು ಎಂದು ಎರಡು ಅಂಕಿ ತೋರಿಸುತ್ತದೆ. ಎರಡು ಯಾಕೆಂದರೆ, ಭಾರ ಒಳಬದಿಯಲ್ಲಿ ಮೇಲೆ, ಹೊರಬದಿಯಲ್ಲಿ ಕೆಳಗೆ ಇದ್ದರೆ ನಿಂತ ಚಕ್ರ ಸಮವಾಗಿಯೇ ಕಾಣುತ್ತದೆ. ತಿರುಗಿದಾಗ ಮಾತ್ರ ಎಡಕ್ಕೂ ಬಲಕ್ಕೂ ಒಲೆಯುತ್ತದೆ. ಆ ಒಲೆತವೇ ಸ್ಟಿಯರಿಂಗಿಗೆ ಸೀದಾ ಹೋಗುವುದು. ಅಲಾಯ್ ವ್ಹೀಲಿಗೆ ತೂಕವನ್ನು ಒಳಗೆ ಅಂಟಿಸುತ್ತಾರೆ. ಅಂಟಿಸುವ ಜಾಗ ಒರೆಸಿ ಒಣಗಿಸದಿದ್ದರೆ ಮುಂದಿನ ಮಳೆಗೆ ಕಳಚುತ್ತದೆ.

ಎರಡೂ ಸೊನ್ನೆ ಬಂದ ಮೇಲೆ ಒಂದು ಕೆಲಸ ಹೇಳಿ: ಚಕ್ರವನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಲಿ. ಆಗಲೂ ಸೊನ್ನೆ ಅಥವಾ ಐದು ಗ್ರಾಂ ಬಂದರೆ ಕೆಲಸ ನೆಟ್ಟಗಾಗಿದೆ. ಹದಿನೈದು ಇಪ್ಪತ್ತು ಎಂದು ತೋರಿಸಿದರೆ ಚಕ್ರ ಮಷೀನಿನ ನಡುವಿಗೆ ಕೂತಿರಲಿಲ್ಲ ಎಂದರ್ಥ. ಚಕ್ರವನ್ನು ನಡುವಿಗೆ ಹಿಡಿಯುವ ಕೋನ್ ತಪ್ಪಾಗಿರಬಹುದು, ನಡುವಿನ ತೂತಿನ ಸುತ್ತ ತುಕ್ಕಿರಬಹುದು. ಒಳ್ಳೆಯ ಅಂಗಡಿಯವರು ಈ ಮಾತಿಗೆ ಬೇಸರ ಮಾಡುವುದಿಲ್ಲ.

ಸೊನ್ನೆ ಬಂದ ಚಕ್ರವೂ ನಡುಗಬಹುದು. ಮಷೀನು ತೂಗುವುದು ಭಾರವನ್ನು, ದುಂಡಗಿದೆಯೋ ಇಲ್ಲವೋ ಎಂಬುದನ್ನಲ್ಲ. ಮೊಟ್ಟೆಯ ಆಕಾರದ ಚಕ್ರವನ್ನೂ ತೂಕ ಅಂಟಿಸಿ ಬ್ಯಾಲೆನ್ಸ್ ಮಾಡಬಹುದು, ರಸ್ತೆಗೆ ಬಿದ್ದಾಗ ಅದು ಮೊಟ್ಟೆಯಾಗಿಯೇ ಉರುಳುತ್ತದೆ. ಆದ್ದರಿಂದ ಮಷೀನಿನ ಮೇಲೆ ಚಕ್ರ ತಿರುಗುವಾಗ ನೇರ ಎದುರಿಗೆ ಬಗ್ಗಿ ನೋಡಿ. ರಿಮ್ಮಿನ ಒಳ ಅಂಚು, ಹೊರ ಅಂಚು, ಟೈರಿನ ಮೇಲ್ಮೈ ಮೂರನ್ನೂ ಬೇರೆ ಬೇರೆಯಾಗಿ. ಒಂದು ಪೆನ್ಸಿಲನ್ನು ಅಲುಗದಂತೆ ಅಂಚಿನ ಹತ್ತಿರ ಹಿಡಿದರೆ ಸಂದು ಹಿಗ್ಗಿ ಕುಗ್ಗುವುದು ಕಾಣುತ್ತದೆ. ರಿಮ್ಮಿನಲ್ಲಿ ಅದು ಒಂದು ಮಿಲಿಮೀಟರ್ ದಾಟಿದರೆ ರಿಮ್ಮು ಬಾಗಿದೆ. ಮುಂಬಯಿಯಲ್ಲಿ ಇದು ಅಪರೂಪವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ತುಂಬಿದ ಹೊಂಡದ ಆಳ ಯಾರಿಗೂ ಕಾಣುವುದಿಲ್ಲ. ಕಿತ್ತುಬಂದ ಪೇವರ್ ಬ್ಲಾಕಿನ ಅಂಚು ಉಳಿಯಂತೆ ಹೊಡೆಯುತ್ತದೆ. ಪೆಟ್ಟು ಹೆಚ್ಚಾಗಿ ಬೀಳುವುದು ರಿಮ್ಮಿನ ಒಳ ಅಂಚಿಗೆ, ಹೊರಗೆ ನಿಂತು ನೋಡುವವರಿಗೆ ಕಾಣದ ಕಡೆಗೆ. ಕಬ್ಬಿಣದ ರಿಮ್ಮನ್ನು ನುರಿತವರು ಮಷೀನಿಗೆ ಹಾಕಿ ನೇರ ಮಾಡಬಲ್ಲರು. ಅಲಾಯ್ ಬಾಗುವುದರ ಜೊತೆಗೆ ಬಿರುಕೂ ಬಿಡುತ್ತದೆ. ಬಿರುಕು ಬಿಟ್ಟ ಅಲಾಯನ್ನು ವೆಲ್ಡ್ ಮಾಡಿಸಿ ಹೈವೇಗೆ ಒಯ್ಯುವುದು ನನ್ನ ಮಟ್ಟಿಗೆ ಸಲ್ಲದ ಕೆಲಸ.

ರಿಮ್ಮಿನ ಏರಿಳಿತ ಒಂದು ಮಿಲಿಮೀಟರಿನೊಳಗಿದ್ದು ಟೈರಿನ ಮೇಲ್ಮೈ ಹೆಚ್ಚು ಏರಿಳಿದರೆ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಎಷ್ಟೋ ಸಲ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಹೊಂದುತ್ತದೆ.

ಹೆಚ್ಚು ಹಣ ಖರ್ಚಾಗದ ಇನ್ನೊಂದು ಪರೀಕ್ಷೆ ಉಂಟು. ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ, ಅದೇ ಬದಿಯಲ್ಲಿ ಬದಲಿಸಿ ಮತ್ತೆ ಅದೇ ರಸ್ತೆಗೆ ಹೋಗಿ. ಸ್ಟಿಯರಿಂಗಿನ ನಡುಕ ಸೀಟಿಗೆ ಬಂದರೆ ತಪ್ಪು ಆ ಚಕ್ರಗಳಲ್ಲಿದೆ. ಸ್ಟಿಯರಿಂಗಿನಲ್ಲೇ ಉಳಿದರೆ ಚಕ್ರ ಕೂರುವ ಹಬ್ಬು, ಬೇರಿಂಗು, ಡಿಸ್ಕು, ಲೋವರ್ ಆರ್ಮ್‌ಗಳ ಕಡೆ ನೋಡಬೇಕು. ಚಕ್ರ ಬಿಚ್ಚಿದಾಗ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ತಿಕ್ಕಿಸಿ. ಕಡಲ ಗಾಳಿಯ ಈ ಊರಿನಲ್ಲಿ ಅಲ್ಲಿ ತುಕ್ಕು ಹಪ್ಪಳದಂತೆ ಏಳುತ್ತದೆ. ಅದರ ಮೇಲೆ ಚಕ್ರ ಬಿಗಿದರೆ ಸೊಟ್ಟ ಕೂರುತ್ತದೆ. ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಅಲ್ಲ, ಎದುರುಬದುರು ಬಿಗಿಯಬೇಕು. ಹೊರಗಿನಿಂದ ಕೊಂಡು ಹಾಕಿಸಿದ ಅಲಾಯ್ ಆದರೆ ನಡುವಿನ ತೂತು ಹಬ್ಬಿಗಿಂತ ದೊಡ್ಡದಿರುವುದುಂಟು. ಆ ಸಂದಿಗೆ ಸರಿಯಾದ ಬಳೆ ಸಿಗುತ್ತದೆ, ಹಾಕಿಸಿ.

ವಾರಗಟ್ಟಲೆ ನಿಂತ ಗಾಡಿಗೆ ಬೇರೊಂದು ನಡುಕವಿದೆ. ನೆಲಕ್ಕೆ ತಾಗಿದ ಭಾಗ ಗಾಡಿಯ ಭಾರಕ್ಕೆ ಚಪ್ಪಟೆಯಾಗಿ ಹಾಗೇ ಉಳಿಯುತ್ತದೆ. ಹೊರಟ ಕೂಡಲೇ ಧಡಧಡ, ಟೈರು ಬಿಸಿಯಾದಂತೆ ಕಡಿಮೆ, ಪಾರ್ಲೆಯಿಂದ ವಾಶಿ ತಲುಪುವಷ್ಟರಲ್ಲಿ ಇಲ್ಲ. ಹಾಗೆ ತಾನಾಗಿ ಹೋದರೆ ಹೆದರಬೇಡಿ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಹೊರಗೆ ತೆಗೆಯಿರಿ, ಗಾಳಿ ಕಡಿಮೆಯಾಗಲು ಬಿಡಬೇಡಿ.

ಬ್ರೇಕಿನ ನಡುಕ ಗುರುತಿಸಲು ಸುಲಭ. ಖಂಡಾಲಾ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ಎಡಬಲ ಅಲ್ಲಾಡುತ್ತದೆ, ಪೆಡಲ್ ಕಾಲಡಿ ಮಿಡಿಯುತ್ತದೆ. ಬಿಸಿ ಡಿಸ್ಕಿನ ಮೇಲೆ ನೀರು ಬಿದ್ದು ಬಾಗಿತು ಎಂದು ಎಲ್ಲರೂ ಹೇಳುತ್ತಾರೆ. ಹೆಚ್ಚಿನ ಸಲ ಆಗಿರುವುದು ಬೇರೆ: ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಉಳಿದಿರುವುದಿಲ್ಲ. ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗದಷ್ಟು ವ್ಯತ್ಯಾಸ, ಕೂದಲೆಳೆಯ ಅರ್ಧಕ್ಕೂ ಕಡಿಮೆ, ಕೈಗೆ ತಾಗಲು ಸಾಕು. ಹಬ್ಬಿನ ತುಕ್ಕಿನ ಮೇಲೆ ಸೊಟ್ಟ ಕೂತ ಡಿಸ್ಕು ಪ್ರತಿ ಸುತ್ತಿಗೂ ಪ್ಯಾಡಿಗೆ ಒಂದೇ ಜಾಗದಲ್ಲಿ ಉಜ್ಜಿ ಸಾವಿರಾರು ಕಿಲೋಮೀಟರಿನಲ್ಲಿ ಹಾಗಾಗುತ್ತದೆ. ಮಳೆಯಲ್ಲಿ ತೊಯ್ದು ವಾರಗಟ್ಟಲೆ ನಿಂತ ಗಾಡಿಯಲ್ಲಿ ಪ್ಯಾಡಿನ ಅಡಿಯ ಗುರುತು ತುಕ್ಕಾಗಿಯೂ ಉಳಿಯುತ್ತದೆ. ಡಿಸ್ಕಿನ ಅಂಚಿನಲ್ಲಿ ಅದರ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ಅದಕ್ಕಿಂತ ಹೆಚ್ಚು ಉಳಿದಿದ್ದರೆ ಲೇಥಿಗೆ ಕೊಟ್ಟು ಸಮ ಮಾಡಿಸಬಹುದು, ಇಲ್ಲದಿದ್ದರೆ ಜೋಡಿಯಾಗಿಯೇ ಬದಲಿಸಬೇಕು. ಹಠಾತ್ತನೆ ಜೋರಾಗಿ ಬ್ರೇಕ್ ಒತ್ತಿದಾಗ ಮಾತ್ರ ಪೆಡಲ್ ಗರಗರ ಅಂದರೆ ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವುದು, ರೋಗವಲ್ಲ.

ಆಕ್ಸಿಲರೇಟರಿನ ನಡುಕ, ಅಂದರೆ ಶಾಫ್ಟಿನ ಒಳ ಜಾಯಿಂಟಿನದ್ದು, ಮಳೆಗಾಲದ ನಂತರ ಹೆಚ್ಚು. ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇಗಳಲ್ಲಿ ಮೊಣಕಾಲು ನೀರಿನಲ್ಲಿ ಗಾಡಿ ದಾಟಿಸಿದ್ದು ನೆನಪಿದ್ದರೆ ಶಾಫ್ಟಿನ ರಬ್ಬರ್ ಬೂಟನ್ನು ನೋಡಿಸಿ. ಅದು ಹರಿದಿದ್ದರೆ ಗ್ರೀಸ್ ಹೊರಗೆ, ಕೆಸರು ನೀರು ಒಳಗೆ. ಬೇಗ ಕಂಡರೆ ಬೂಟ್ ಬದಲಿಸಿ ಗ್ರೀಸ್ ತುಂಬಿದರೆ ಮುಗಿಯಿತು, ತಡವಾದರೆ ಜಾಯಿಂಟೇ ಹೋಗುತ್ತದೆ.

ಟೈರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮ್ ಬುಶ್ ಸಡಿಲವಾದರೆ ಅವು ನಡುಕವನ್ನು ಹುಟ್ಟಿಸುವುದಕ್ಕಿಂತ ಹಿಗ್ಗಿಸುವುದು ಹೆಚ್ಚು. ಹೊಸ ಗಾಡಿ ಹದಿನೈದು ಗ್ರಾಂ ತಪ್ಪನ್ನು ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. ಲಕ್ಷ ಕಿಲೋಮೀಟರ್ ಓಡಿದ ಬುಶ್ಶಿನ ಗಾಡಿ ಅದೇ ಹದಿನೈದಕ್ಕೆ ನಡುಗುತ್ತದೆ. ಗಾಡಿಯನ್ನು ಜ್ಯಾಕಿನ ಮೇಲೆ ಭದ್ರವಾಗಿ ಎತ್ತಿ, ಚಕ್ರವನ್ನು ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಟೈರಾಡಿನ ಸಡಿಲ ಕಾಣುತ್ತದೆ. ಹನ್ನೆರಡು ಮತ್ತು ಆರರಲ್ಲಿ ಹಿಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗಿನದ್ದು. ಬೇರಿಂಗ್ ಹೋಗಿದ್ದರೆ ವೇಗದೊಂದಿಗೆ ಏರುವ ಗೊರಗೊರ ಸದ್ದೂ ಜೊತೆಗಿರುತ್ತದೆ, ತಿರುವಿನಲ್ಲಿ ಅದು ಹೆಚ್ಚು ಕಡಿಮೆಯಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಿರುಕು ಬಿಟ್ಟ ರಿಮ್ಮು, ಸಡಿಲವಾದ ಬಾಲ್ ಜಾಯಿಂಟು, ಟೈರಾಡು, ಬೇರಿಂಗು ಬಿಟ್ಟರೆ ಉಳಿದದ್ದಕ್ಕೆ ಒಂದು ವಾರ ಕಾಯಬಹುದು. ಈಗ ಹೇಳುವ ಎರಡಕ್ಕಂತೂ ಒಂದು ಗಂಟೆಯೂ ಕಾಯಬಾರದು.

ಒಂದು, ಚಕ್ರ ಬಿಚ್ಚಿ ಹಾಕಿಸಿಕೊಂಡು ಬಂದ ದಿನವೇ ಹೊಸದಾಗಿ ನಡುಕ ಶುರುವಾಗಿ ಹೆಚ್ಚುತ್ತಿದ್ದರೆ ನಟ್ಟು ಸಡಿಲವಾಗಿರಬಹುದು. ಪಕ್ಕಕ್ಕೆ ನಿಲ್ಲಿಸಿ ಸ್ಪ್ಯಾನರಿನಿಂದ ಒಂದೊಂದನ್ನೂ ನೋಡಿ. ಚಕ್ರ ಬಿಚ್ಚಿದಾಗಲೆಲ್ಲ ನೂರು ಕಿಲೋಮೀಟರ್ ಆಗುವುದರೊಳಗೆ ಮತ್ತೊಮ್ಮೆ ಬಿಗಿತ ನೋಡಿಸುವ ಅಭ್ಯಾಸ ಇಟ್ಟುಕೊಳ್ಳಿ. ಎರಡು, ಟೈರಿನ ಒಳಗಿನ ಉಕ್ಕಿನ ತಂತಿಯ ಪದರ ಬಿಟ್ಟುಕೊಂಡಿರುವುದು. ಇದರ ಲಕ್ಷಣ ಬೇರೆ. 30, 40ರಲ್ಲೇ ಗಾಡಿ ಬಾತುಕೋಳಿಯಂತೆ ಒಲೆಯುತ್ತದೆ, ದಿನದಿಂದ ದಿನಕ್ಕೆ ಹೆಚ್ಚುತ್ತದೆ, ಬ್ಯಾಲೆನ್ಸ್ ಮಾಡಿಸಿದರೂ ಎರಡು ದಿನಕ್ಕೆ ಮರಳುತ್ತದೆ. ಗಾಡಿ ನಿಂತಿರುವಾಗ ಟೈರಿನ ಮೇಲೂ ಒಳ ಹೊರ ಪಕ್ಕಗಳಲ್ಲೂ ಅಂಗೈ ಸವರಿ ನೋಡಿ. ಒಂದು ಕಡೆ ಉಬ್ಬು ಸಿಕ್ಕರೆ ಅದೇ. ಹೊಂಡದ ಪೆಟ್ಟಿನಿಂದ ಪಕ್ಕದ ದಾರಗಳು ಕಡಿದಾಗಲೂ ಇಂಥ ಗುಳ್ಳೆ ಬರುತ್ತದೆ. ಇದಕ್ಕೆ ರಿಪೇರಿ ಇಲ್ಲ. ಟೈರಿನ ವಯಸ್ಸನ್ನೂ ನೋಡಿ: ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದ್ದು. ಪಾರ್ಲೆಯ ಗಾಡಿಗಳು ಓಡುವುದು ಕಡಿಮೆ, ಹಾಗಾಗಿ ಹಲ್ಲು ಹೊಸದರಂತಿದ್ದರೂ ರಬ್ಬರು ಮುದಿಯಾಗಿರುತ್ತದೆ. ಹಲ್ಲು 1.6 ಮಿಲಿಮೀಟರಿಗಿಂತ ಸವೆದ ಟೈರನ್ನು ಕಾನೂನೂ ಒಪ್ಪುವುದಿಲ್ಲ. ನಾಗಪುರದ ಸಮೃದ್ಧಿ ಮಹಾಮಾರ್ಗದಲ್ಲಿ ಟೈರು ಸಿಡಿದು ಅಪಘಾತಗಳಾದ ಮೇಲೆ, 2023ರಲ್ಲಿ ಆರ್‌ಟಿಒ ಸಿಬ್ಬಂದಿ ದಾರಿಯ ಬಾಯಲ್ಲೇ ನಿಂತು ಟೈರು ನೋಡಿ, ಅವು ಬೋಳಾದ ಗಾಡಿಗಳನ್ನು ಹಿಂದೆ ಕಳಿಸಿದ್ದರು.

ನನ್ನ ಗಾಡಿಯಲ್ಲಿ ಸಿಕ್ಕಿದ್ದು ಎಡ ಮುಂಚಕ್ರ. ರಿಮ್ಮಿನ ಒಳ ಅಂಚು ಒಂದು ಗೇಣಿನಷ್ಟು ಉದ್ದಕ್ಕೆ ಮೂರು ಮಿಲಿಮೀಟರ್ ಒಳಗೆ ಬಾಗಿತ್ತು. ಅದರ ಎದುರಿಗೆ ಹಳೆಯ ತೂಕ, ಅದರ ಮೇಲೆ ಹೊಸ ತೂಕ, ಎಲ್ಲ ಸೇರಿ 70 ಗ್ರಾಂ. ರಿಮ್ಮು ಬದಲಿಸಿ, ತೊಳೆದು, ಬ್ಯಾಲೆನ್ಸ್ ಮಾಡಿದಾಗ ಬೇಕಾದದ್ದು ಹದಿನೈದು ಗ್ರಾಂ. ಆ ಮುಂದಿನ ಭಾನುವಾರ ಅದೇ ರಸ್ತೆಯಲ್ಲಿ 100ಕ್ಕೆ ಸ್ಟಿಯರಿಂಗ್ ನೀರು ತುಂಬಿದ ಕೊಡದ ಹಾಗೆ ಸ್ಥಿರವಾಗಿತ್ತು.

ಊರಿಗೆ ಹೊರಡುವ ಹಿಂದಿನ ದಿನ ಅಲ್ಲ, ಹತ್ತು ದಿನ ಮುಂಚೆ ಒಮ್ಮೆ ಗಾಡಿಯನ್ನು 90ಕ್ಕೆ ಒಯ್ದು ನೋಡಿ, ಕಂಡದ್ದನ್ನು ಬರೆದು ಗ್ಯಾರೇಜಿಗೆ ಕೊಡಿ. ಹೊರಡುವ ಬೆಳಿಗ್ಗೆ ನಾಲ್ಕೂ ಟೈರಿಗೆ ಕೈ ಸವರಿ. ಎಲ್ಲಾದರೂ ಉಬ್ಬು ಸಿಕ್ಕಿತೆಂದರೆ, ಮನೆಮಂದಿಯೆಲ್ಲ ತಯಾರಾಗಿ ಕೂತಿದ್ದರೂ ಸರಿ, ಆ ಟೈರಿನ ಮೇಲೆ ವಾಶಿ ಸೇತುವೆ ದಾಟಬೇಡಿ.